ಕಡೆಯಾಳಿನ ನಡಿಗೆ

ನಾಯಂಡಹಳ್ಳಿಯ ಕೂಡುರಸ್ತೆಯಲ್ಲಿ ಈ ಬದಿಯಿಂದ ಆ ಬದಿಗೆ ಕಾಲ್ನಡಿಗೆಯಿಂದ ದಾಟುವುದನ್ನು ಪ್ರವಾಸವೆಂದು ಕರೆಯಬಹುದಾದರೆ, ಕಳೆದ ಇಪ್ಪತ್ತೆರಡು ವರ್ಷಗಳಿಂದ ನಾನು ದಿನಕ್ಕೆ ಎರಡಾವೃತ್ತಿ ಪ್ರವಾಸ ಮಾಡುತ್ತ ಬಂದಿದ್ದೇನೆ. ಮೈಸೂರಿನ ಹೆದ್ದಾರಿಯೂ ನಗರವನ್ನು ಬಳಸಿ ಬರುವ ಹೊರವರ್ತುಲ ರಸ್ತೆಯೂ ಸಂಧಿಸತಕ್ಕ ಆ ಸ್ಥಳದಲ್ಲಿ ನೆಲದ ಮೇಲೆ ಒಂದು ಸಂಚಾರ, ಮೇಲ್ಸೇತುವೆಯ ಮೇಲೆ ಇನ್ನೊಂದು, ಕಂಬಗಳ ಮೇಲೆ ಮೆಟ್ರೊ ರೈಲಿನದು ಮತ್ತೊಂದು, ಇವೆಲ್ಲಕ್ಕೂ ಕೆಳಗೆ ಗೋಡೆಗಳ ನಡುವೆ ಇರುಕಿಕೊಂಡು ಹರಿಯುವ ವೃಷಭಾವತಿಯದು ನಾಲ್ಕನೆಯದು, ಹೀಗೆ ಚತುರ್ವಿಧ ಗತಿಗಳಿಗೆ ಅವಕಾಶವನ್ನು ಕಲ್ಪಿಸಿದವರಿಗೆ, ಎರಡು ಕಾಲುಗಳ ಮೇಲೆ ನಡೆಯುವ ಜಂತುವೊಂದು ಇನ್ನೂ ಭೂಮಿಯಲ್ಲಿ ಉಳಿದಿದೆಯೆಂಬ ಸಂಗತಿ ಅದೇಕೋ ಸ್ಮರಣೆಗೆ ಬಾರದೆ ಹೋಯಿತು. ಆದಕಾರಣ ಸಂಕ್ರಾಂತಿ ಕಳೆದ ಮುಂದಿನ ಭಾನುವಾರವನ್ನು ಪೂರ್ತಿಯಾಗಿ ನಡಿಗೆಗೆಂದೇ ಮೀಸಲಿಡುವುದೆಂದೂ, ಆಬಾಲವೃದ್ಧರೂ ಸೇರಬಹುದೆಂದೂ, ನಡೆಯಬಲ್ಲವರು ಮಾತ್ರವಲ್ಲದೆ ನಡೆಯಲಾರದವರೂ ತಪ್ಪದೆ ಬರಬೇಕೆಂದೂ ನಮ್ಮ ಕೇರಿಯ ತರುಣರು ಕೆಲವರು ಮನೆಮನೆಗೆ ಬಂದು ಹೇಳಿದಾಗ ನನಗೆ ಮೊದಲು ನಗು ಬಂದಿತು. ನಡೆಯಲಾರದವರ ನಡಿಗೆ ಎಂಬುದು ನಮ್ಮ ತಾರ್ಕಿಕರು ಉದಾಹರಿಸುವ ವಂಧ್ಯಾಪುತ್ರನ ಹಾಗೆ ಬರಿಯ ಮಾತಿನಲ್ಲಿ ಹುಟ್ಟಿ ಮಾತಿನಲ್ಲಿಯೇ ಸಾಯತಕ್ಕದ್ದೆಂದು ನಾನು ಅಂದು ಎಣಿಸಿದ್ದೆನು.

ಅವರ ಯೋಜನೆಯೇನೋ ಸರಳವಾಗಿದ್ದಿತು. ಗಟ್ಟಿ ಕಾಲಿನವರ ತಂಡವೊಂದು ಬೆಳಗಿನ ಜಾವದಲ್ಲಿಯೇ ನಾಯಂಡಹಳ್ಳಿಯಿಂದ ಹೊರಟು, ಕೆಂಗೇರಿಯನ್ನು ದಾಟಿ, ಕುಂಬಳಗೋಡಿನ ಬಳಿ ಹೆದ್ದಾರಿಯನ್ನು ಬಿಟ್ಟು, ರಾಮೋಹಳ್ಳಿಯ ದೊಡ್ಡ ಆಲದ ಮರವನ್ನು ಮುಟ್ಟುವುದು. ಅಷ್ಟು ದೂರ ಬೇಡವೆನ್ನುವವರು ಕೆಂಗೇರಿಯ ಕೆರೆಯ ಏರಿಯ ತನಕ ನಡೆದು ಹಿಂತಿರುಗುವುದು. ವೃದ್ಧರು, ಮಕ್ಕಳು, ಗಾಲಿಕುರ್ಚಿಯವರು, ಕಣ್ಣು ಕಾಣದವರು, ಮಂಡಿಯ ಸವಕಳಿಯವರು ಮುಂತಾದವರೆಲ್ಲ ಮೆಟ್ರೊದಲ್ಲಿ ಎರಡು ನಿಲ್ದಾಣ ಹೋಗಿ, ಜ್ಞಾನಭಾರತಿಯಲ್ಲಿ ಇಳಿದು, ವಿಶ್ವವಿದ್ಯಾನಿಲಯದ ಆವರಣದ ಮರಗಳ ನಡುವೆ ಕೈಲಾದಷ್ಟು ದೂರ ಸಾಗುವುದು. ಪ್ರತಿ ತಂಡಕ್ಕೂ ದಾರಿ ಬಲ್ಲವನೊಬ್ಬ ಮುಂದೆ, ಯಾರನ್ನೂ ಹಿಂದೆ ಬಿಡದಂತೆ ನೋಡಿಕೊಳ್ಳುವವನೊಬ್ಬ ಕಟ್ಟಕಡೆಯಲ್ಲಿ. ಈ ಎರಡನೆಯವನಿಗೆ ಅವರು ಇಂಗ್ಲಿಷಿನಲ್ಲಿ ಏನೋ ಒಂದು ಹೆಸರಿಟ್ಟಿದ್ದರು. ಕಸ ಗುಡಿಸುವವನೆಂಬ ಅರ್ಥ ಅದಕ್ಕೆ ಬರುತ್ತಿದ್ದುದರಿಂದ ನಾನು ಅದನ್ನು ಒಪ್ಪದೆ, ಕಡೆಯಾಳು ಎಂದು ಕರೆಯಿರಿ ಎಂದೆನು. ಹೆಸರನ್ನು ಕೊಟ್ಟ ತಪ್ಪಿಗಾಗಿ ಕೆಲಸವೂ ನನ್ನ ಪಾಲಿಗೇ ಬಂದಿತು.

ನಿಜವನ್ನು ಹೇಳುವುದಾದರೆ, ಆ ಕೆಲಸವನ್ನು ನಾನು ನಿರಾಕರಿಸದಿದ್ದುದಕ್ಕೆ ಹಳೆಯದೊಂದು ಗಾಯ ಕಾರಣವಾಗಿದ್ದಿತು. ಹತ್ತು ವರ್ಷಗಳ ಹಿಂದೆ, ಇನ್ನೂ ನನ್ನ ಮಂಡಿಗಳು ನನ್ನ ಮಾತನ್ನು ಕೇಳುತ್ತಿದ್ದ ಕಾಲದಲ್ಲಿ, ಹಣ ತೆತ್ತು ಸೇರಿದ ಒಂದು ತಂಡದೊಡನೆ ಮಾಗಡಿಯ ಬಳಿಯ ಸಾವನದುರ್ಗಕ್ಕೆ ಹೋಗಿದ್ದೆನು. ಕರಿಗುಡ್ಡ ಬಿಳಿಗುಡ್ಡಗಳೆಂಬ ಎರಡು ಶಿಖರಗಳುಳ್ಳ, ಸಮುದ್ರಮಟ್ಟದಿಂದ 1226 ಮೀಟರ್ ಎತ್ತರವಾದ, ಒಂದೇ ಬಂಡೆಯಂತೆ ಕಾಣುವ ಆ ಗಿರಿಯನ್ನು ಏರುವಾಗ ಅರ್ಧ ದಾರಿಯಲ್ಲಿ ನನ್ನ ಉಸಿರು ಮೇಲಕ್ಕೆ ಬಂದು, ಹಾಸುಗಲ್ಲಿನ ಮೇಲೆ ಸ್ವಲ್ಪ ಕುಳಿತುಕೊಂಡೆನು. ಮುಂದಾಳು ಹಿಂದಿರುಗಿ ನೋಡಿ, ನಕ್ಕು, ಸೀಟಿಯೂದಿ, ತನ್ನ ತರುಣ ಸೈನ್ಯದೊಡನೆ ಮೇಲಕ್ಕೆ ಹೊರಟುಹೋದನು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಪಡೆ ಟಿಪ್ಪುವಿನ ಕೈಯಿಂದ ಆ ದುರ್ಗವನ್ನು ಕಿತ್ತುಕೊಂಡಾಗ ಗಾಯಗೊಂಡವರನ್ನು ಹೊತ್ತು ಇಳಿಸುವವರಾದರೂ ಇದ್ದಿರಬೇಕು. ನನ್ನ ಪಾಲಿಗೆ ಅದೂ ಇರಲಿಲ್ಲ. ಒಬ್ಬನೇ ಕುಂಟುತ್ತ ಇಳಿದು ವೀರಭದ್ರಸ್ವಾಮಿಯ ಗುಡಿಯ ಮುಂದೆ ಮೂರು ಗಂಟೆಗಳ ಕಾಲ ಕಾದೆನು. ಮಧ್ಯಾಹ್ನ ಅವರು ಬಂದಾಗ, ನೀವು ಇದ್ದಿರೆಂಬುದೇ ಮರೆತುಹೋಗಿತ್ತು ಸಾರ್ ಎಂದು ಮುಂದಾಳು ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಅಂದಿನಿಂದ ನಾನು ಯಾವ ತಂಡದೊಡನೆಯೂ ಬೆಟ್ಟವನ್ನೇರಲಿಲ್ಲ.

ನಡಿಗೆಯನ್ನು ಹಬ್ಬವಾಗಿ ಆಚರಿಸುವ ಪದ್ಧತಿ ಪಶ್ಚಿಮದ ದೇಶಗಳಲ್ಲಿ ಬಲವಾಗಿ ಬೇರೂರಿದೆ. ಹಾಲೆಂಡಿನಲ್ಲಿ 1909ರಲ್ಲಿ ಆರಂಭವಾದ ನಾಲ್ಕು ದಿನಗಳ ನಡಿಗೆ ಇಂದಿಗೂ ನೈಮೇಖನ್ ಎಂಬ ಪಟ್ಟಣದಲ್ಲಿ ಜುಲೈ ತಿಂಗಳಿನಲ್ಲಿ ನಡೆಯುತ್ತದೆ. ಸಾವಿರಗಟ್ಟಲೆ ಜನ ತಮ್ಮ ವಯಸ್ಸಿಗನುಗುಣವಾಗಿ ದಿನಕ್ಕೆ ಮೂವತ್ತೋ ನಲವತ್ತೋ ಐವತ್ತೋ ಕಿಲೋಮೀಟರ್ ನಡೆಯುತ್ತಾರೆ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿಯೂ ವಸಂತ ಶರತ್ತುಗಳಲ್ಲಿ ಇಂಥ ಹಬ್ಬಗಳುಂಟು. ಅಲ್ಲಿ ಸುಲಭದ ದಾರಿ, ಮಧ್ಯಮದ ದಾರಿ, ಕಠಿಣದ ದಾರಿ ಎಂದು ಮೊದಲೇ ವಿಂಗಡಿಸಿ ತಿಳಿಸುತ್ತಾರಂತೆ. ನಮ್ಮ ತರುಣರು ತಮ್ಮ ಕಲ್ಪನೆಯನ್ನು ಅಲ್ಲಿಂದಲೇ ಎತ್ತಿಕೊಂಡಿದ್ದರೆಂದು ಅವರ ಮಾತಿನಿಂದ ತಿಳಿಯಿತು. ಅದಕ್ಕಾಗಿ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಯುಗಾದಿಯ ಹೊತ್ತಿಗೆ ಶ್ರೀಶೈಲವನ್ನು ಮುಟ್ಟಬೇಕೆಂದು ಕಂಬಿಯನ್ನು ಹೆಗಲಿಗೇರಿಸಿ, ನಲ್ಲಮಲದ ಕಾಡನ್ನು ಹಾದು ಹೋಗುವ ಭಕ್ತರ ಪಾದಯಾತ್ರೆಯಲ್ಲಿ ಬರಿಗಾಲಿನವರೂ ಇರುತ್ತಾರೆ, ಕೋಲೂರುವ ಮುದುಕರೂ ಇರುತ್ತಾರೆ, ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುವವರೂ ಇರುತ್ತಾರೆ. ದಾರಿಯುದ್ದಕ್ಕೂ ಊರೂರಿನವರು ದಾಸೋಹದ ಚಪ್ಪರ ಹಾಕಿ, ಮಜ್ಜಿಗೆ ಕೊಟ್ಟು, ಬೊಬ್ಬೆಯೆದ್ದ ಕಾಲಿಗೆ ಎಣ್ಣೆ ನೀವಿ ಕಳುಹಿಸುತ್ತಾರೆ. ಅಲ್ಲಿ ಯಾರೂ ಯಾರ ಸಾಮರ್ಥ್ಯವನ್ನೂ ಕೇಳಿ ವಿಂಗಡಿಸುವುದಿಲ್ಲ. ಮಲ್ಲಯ್ಯನಿಗೆ ಬೇಗ ಬಂದವನೂ ಒಂದೇ, ತಡವಾಗಿ ಬಂದವನೂ ಒಂದೇ.

ಬೆಂಗಳೂರಿಗೂ ಇದು ತೀರ ಹೊಸದಲ್ಲ. ಜೋಸೆಫ್ ಜಾರ್ಜ್ ಮೊದಲಾದವರು ಕಟ್ಟಿದ ಹಕ್ಕಿವೀಕ್ಷಕರ ಕೂಟ 1970ರ ದಶಕದಿಂದ ತಿಂಗಳ ಎರಡನೆಯ ಭಾನುವಾರ ಲಾಲ್‌ಬಾಗಿನಲ್ಲಿ ಸೇರುತ್ತ ಬಂದಿದೆ. ಕೊರಳಿಗೆ ದುರ್ಬೀನು ತೂಗಿಕೊಂಡ ಪಂಡಿತರ ಹಿಂದೆ ಏನೂ ತಿಳಿಯದ ಹೊಸಬರು ನಡೆದರೂ ಬೇಡವೆನ್ನುವವರಿಲ್ಲ. 2014ರಲ್ಲಿ ನಾಗರಿಕರೇ ಆರಂಭಿಸಿದ ‘ನೆರಳು’ ಎಂಬ ಮರಗಳ ಹಬ್ಬದಲ್ಲಿಯೂ ಬಲ್ಲವರೊಬ್ಬರ ಹಿಂದೆ ಮರದಿಂದ ಮರಕ್ಕೆ ನಡೆದುಹೋಗುವುದೇ ಮುಖ್ಯ. ಆದರೆ ಅವೆಲ್ಲ ಉದ್ಯಾನಗಳ ನಡುವಿನ ವ್ಯವಹಾರ. ನಾಯಂಡಹಳ್ಳಿಯಲ್ಲಿ ನಡಿಗೆಯ ಹಬ್ಬವೆಂಬುದು ಮೀನಿನ ಪೇಟೆಯಲ್ಲಿ ಮಲ್ಲಿಗೆಯ ಜಾತ್ರೆಯ ಹಾಗೆ.

ಮೂರು ತಂಡಗಳೂ ಮೊದಲು ನದಿಯ ಸೇತುವೆಯ ಬಳಿ ಸೇರಬೇಕೆಂದು ಗೊತ್ತುಮಾಡಿದ್ದರು. ಆರು ಗಂಟೆಯಾಗಿದ್ದರೂ ಮಂಜು ಇನ್ನೂ ಕರಗಿರಲಿಲ್ಲ. ಆ ಮಂಜಿನಲ್ಲಿ ವೃಷಭಾವತಿಯ ಉಸಿರು ಬೆರೆತು ಮೂಗಿಗೆ ಏನು ಬಂದಿತೆಂಬುದನ್ನು ಸಭ್ಯವಾದ ಗದ್ಯದಲ್ಲಿ ವರ್ಣಿಸುವ ಶಕ್ತಿ ನನಗಿಲ್ಲ. ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಪಾದದಡಿಯಲ್ಲಿ ಹುಟ್ಟಿದವಳೆಂದು ಪ್ರತೀತಿಯುಳ್ಳ, ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಯ ಸದ್ದನ್ನು ತನ್ನ ತೊಟ್ಟಿಲಿನಲ್ಲಿಯೇ ಕೇಳುವ ಈ ನದಿ, ಬ್ಯಾಟರಾಯನಪುರದಲ್ಲಿ ಗಾಳಿ ಆಂಜನೇಯನ ಗುಡಿಯನ್ನು ಬಳಸಿ ನಾಯಂಡಹಳ್ಳಿಗೆ ಬರುವಷ್ಟರಲ್ಲಿಯೇ ಮಹಾನಗರದ ಸಮಸ್ತ ಪಾಪಗಳನ್ನೂ ಹೊತ್ತು ಕಪ್ಪಾಗಿ ನೊರೆಗಟ್ಟಿರುತ್ತಾಳೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತಿರುವುದರಿಂದ, ಆ ದಿಣ್ಣೆಯ ಪೂರ್ವಕ್ಕೆ ಬಿದ್ದ ಹನಿ ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ, ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಯ ಪಾಲಾಗುತ್ತದೆ. ಈಕೆ ಕೆಂಗೇರಿಯನ್ನು ಹಾದು, ಬೈರಮಂಗಲದ ಜಲಾಶಯವನ್ನು ತುಂಬಿ, ಅರ್ಕಾವತಿಯನ್ನು ಕೂಡಿ, ಕನಕಪುರ ತಾಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಬೆಂಗಳೂರು, ರಾಮನಗರ, ಕನಕಪುರದ ಕಡೆಯ ಭಕ್ತರು ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದುಹೋಗುವಾಗ ನೀರಿಗಿಳಿದು ಕಾವೇರಿಯನ್ನು ದಾಟುವುದು ಆ ಸಂಗಮದಲ್ಲಿಯೇ. ನಮ್ಮ ಸೇತುವೆಯ ಕೆಳಗೆ ಬೆಳಗಿನಲ್ಲಿ ಕಂಡ ನೊರೆಗೂ ಅಲ್ಲಿ ಉಘೇ ಮಾದಪ್ಪ ಎನ್ನುತ್ತ ಮೊಣಕಾಲು ಮುಳುಗಿಸಿಕೊಂಡು ನಿಂತ ಭಕ್ತನಿಗೂ ಇರುವ ನಂಟನ್ನು ನೆನೆದರೆ, ನಗರವಾಸಿಯಾದವನು ಆತನೆದುರಿನಲ್ಲಿ ತಲೆಯೆತ್ತುವುದು ಕಷ್ಟ.

ನಾನು ಹೀಗೆ ಭೂಗೋಳದ ಪಾಠವನ್ನು ಹೇಳುತ್ತಿರಲಾಗಿ, ನಮ್ಮ ಮೂರನೆಯ ತಂಡದಲ್ಲಿ ಎಲ್ಲರಿಗಿಂತ ಹಿರಿಯಳಾದ, ಎಂಬತ್ತನ್ನು ಎಂದೋ ದಾಟಿದ ಅಜ್ಜಿಯೊಬ್ಬಳು ಸೇತುವೆಯ ಗೋಡೆಗೆ ಒರಗಿ ಕೆಳಗೆ ನೋಡುತ್ತಿದ್ದವಳು, “ಮೇಷ್ಟ್ರೇ, ಈ ಹೊಳೇಲಿ ನಾನು ಬಟ್ಟೆ ಒಗ್ದಿವ್ನಿ ಕಣ್ರೀ” ಎಂದಳು. ಕೆಂಗೇರಿಯ ಕಡೆಯ ಹಳ್ಳಿ ಆಕೆಯ ತವರು. “ಮರಳ್ನಾಗೆ ಗುಂಡಿ ತೋಡುದ್ರೆ ಒರತೆ ಬರ್ತಿತ್ತು. ಒಂದ್ ಗಳಿಗೆ ಕಾಯ್ಬೇಕು, ಕೆಸರು ಕೂತ್ಕೋಬೇಕು, ಆಮ್ಯಾಕೆ ಚೊಂಬಲ್ಲಿ ಮೊಗೀಬೇಕು. ಕಾಯ್ದಿದ್ರೆ ಬಗ್ಗಡ.” ಇಷ್ಟನ್ನು ಹೇಳಿ, ಈಗಲೂ ಕೆಳಗೆ ಎಲ್ಲಿಯಾದರೂ ಮರಳು ಕಂಡೀತೋ ಎಂಬಂತೆ ಇನ್ನಷ್ಟು ಬಗ್ಗಿದಳು. ಮೊದಲ ತಂಡದ ತರುಣರು ಅಷ್ಟರಲ್ಲಿಯೇ ಬೂಟಿನ ದಾರಗಳನ್ನು ಬಿಗಿದು, ಬಾಟಲಿಗಳನ್ನು ಬೆನ್ನಿಗೇರಿಸಿ, ಹೊರಟುಹೋಗಿದ್ದರು. ಒರತೆಯ ವಿಚಾರವನ್ನು ಕೇಳಿದವರು ನಾವು ಹಿಂದುಳಿದವರು ಮಾತ್ರ.

ಮೆಟ್ರೊ ಪ್ರಯಾಣದಲ್ಲಿ ಹೇಳತಕ್ಕದ್ದು ಹೆಚ್ಚಿಲ್ಲ. 2021ರ ಆಗಸ್ಟಿನಲ್ಲಿ ಕೆಂಗೇರಿಯ ತನಕ ಈ ದಾರಿ ತೆರೆದ ಮೇಲೆ, ಗಾಲಿಕುರ್ಚಿಯ ನಿವೃತ್ತ ಅಂಚೆಯಣ್ಣನವರಂಥವರಿಗೆ ನಾಯಂಡಹಳ್ಳಿಯಿಂದ ಹೊರಗೊಂದು ಪ್ರಪಂಚವಿದೆಯೆಂಬುದು ಮತ್ತೆ ದೃಢವಾಯಿತು. ಲಿಫ್ಟಿನಲ್ಲಿ ಮೇಲೆ ಹೋಗಿ, ರಾಜರಾಜೇಶ್ವರಿ ನಗರವನ್ನು ಕಿಟಕಿಯಿಂದ ಕಂಡು, ಜ್ಞಾನಭಾರತಿಯಲ್ಲಿ ಲಿಫ್ಟಿನಲ್ಲಿಯೇ ಕೆಳಗಿಳಿದೆವು. ನಿಲ್ದಾಣದ ಬುಡದಲ್ಲಿ ಗೋಣಿಯ ಮೇಲೆ ಸೊಗಡಿನ ಅವರೆಕಾಯಿಯನ್ನು ಗುಡ್ಡೆಹಾಕಿಕೊಂಡು ಕುಳಿತವಳನ್ನು ಕಂಡು ಅಜ್ಜಿ ನಿಂತುಬಿಟ್ಟಳು. ಕಾಯಿಯ ಮೈಯನ್ನು ಹೆಬ್ಬೆರಳಿನಿಂದ ಒತ್ತಿ, ಮೂಸಿ, ಚೌಕಾಸಿ ಮಾಡಿ ಎರಡು ಕಿಲೋ ಕೊಂಡಳು. ಚೀಲವನ್ನು ಹೊರುವ ಭಾಗ್ಯ ಕಡೆಯಾಳಿನದಾಯಿತು.

ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1964ರಲ್ಲಿ. ನಗರದ ಗದ್ದಲವನ್ನು ಬಿಟ್ಟು ಸಾವಿರ ಎಕರೆಗೂ ಮೀರಿದ ಈ ಬಯಲಿಗೆ ಅದು ಬಂದು ಬೇರೂರಿದ್ದು 1970ರ ದಶಕದಲ್ಲಿ, ಎಚ್. ನರಸಿಂಹಯ್ಯನವರು ಉಪಕುಲಪತಿಗಳಾಗಿದ್ದ ಕಾಲದಲ್ಲಿ. ಖಾದಿಯ ಟೋಪಿಯ ಆ ಬ್ರಹ್ಮಚಾರಿ ಗೌರಿಬಿದನೂರಿನ ಸಮೀಪದ ಹೊಸೂರಿನ ಬಡ ಹುಡುಗನಾಗಿದ್ದಾಗ, 1935ರಲ್ಲಿ, ಬೆಂಗಳೂರಿನ ನ್ಯಾಷನಲ್ ಹೈಸ್ಕೂಲನ್ನು ಸೇರಲು ಬಸ್ಸಿನ ಚಾರ್ಜಿಗೆ ಹಣವಿಲ್ಲದೆ, ಎಂಬತ್ತು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಎರಡು ದಿನಗಳಲ್ಲಿ ನಡೆದೇ ಬಂದವರು. ಅವರ ಆತ್ಮಕಥೆಯ ಹೆಸರು ‘ಹೋರಾಟದ ಹಾದಿ’. ಹಾದಿಯೆಂಬ ಮಾತು ಅವರ ಪಾಲಿಗೆ ಅಲಂಕಾರವಾಗಿರಲಿಲ್ಲ. ಈ ಸಂಗತಿಯನ್ನು ನಾನು ಹೇಳಲು ಅಂಚೆಯಣ್ಣನವರು ತಮ್ಮ ಗಾಲಿಕುರ್ಚಿಯಿಂದಲೇ, “ಎರಡು ದಿನಕ್ಕೆ ಎಂಬತ್ತು ಕಿಲೋಮೀಟರು ಅಂದರೆ ದೊಡ್ಡದೇ ಸ್ವಾಮಿ. ಸೈಕಲ್ಲಿಲ್ಲದ ಕಾಲದಲ್ಲಿ ನಾನೂ ದಿನಕ್ಕೆ ಹದಿನೈದು ನಡೆದು ಕಾಗದ ಹಂಚಿದ್ದೇನೆ, ಆದರೆ ನನಗೆ ಸಂಬಳವಿತ್ತು” ಎಂದರು. ಆವರಣದ ಇನ್ನೊಂದು ಅಂಚಿನಲ್ಲಿ, ಮಲ್ಲತ್ತಹಳ್ಳಿಯ ಕಡೆ, ಕಲಾಗ್ರಾಮವಿದೆ, 2013ರಲ್ಲಿ ಜಿ. ಎಸ್. ಶಿವರುದ್ರಪ್ಪನವರ, 2014ರಲ್ಲಿ ಯು. ಆರ್. ಅನಂತಮೂರ್ತಿಯವರ ಅಂತ್ಯಸಂಸ್ಕಾರ ನಡೆದದ್ದು ಅಲ್ಲಿ. ಅಲ್ಲಿಯವರೆಗೆ ಹೋಗಬೇಕೆಂಬ ಆಸೆ ನನ್ನಲ್ಲಿದ್ದರೂ, ನಮ್ಮ ತಂಡದ ಗತಿಯನ್ನು ಕಂಡು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ನಮ್ಮ ಗತಿಯೆಂಬುದು ಗತಿಯೇ ಅಲ್ಲವೆನ್ನಬಹುದಾಗಿದ್ದಿತು. ಹದಿನಾಲ್ಕು ಜನ; ಮುಂದೆ ಸಸ್ಯಶಾಸ್ತ್ರವನ್ನು ಓದಿದ ತರುಣಿಯೊಬ್ಬಳು ದಾರಿ ತೋರಿಸುತ್ತ ನಡೆದಳು. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದವರಿಗೆ, ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ಯುವ ಅಧ್ಯಾಪಕನ ಚಿತ್ರ ಮನಸ್ಸಿನಲ್ಲಿ ಅಚ್ಚಾಗಿರುತ್ತದೆ. ಈಕೆ ಆ ಜಾತಿಗೇ ಸೇರಿದವಳು, ಆದರೆ ಮಾತು ಕಡಿಮೆ. ಒಂದು ಹುತ್ತದ ಮುಂದೆ ಕಾಲುಗಂಟೆ ನಿಂತೆವು. ನೀಲಗಿರಿಯ ಎಲೆಯನ್ನು ಎಲ್ಲರ ಕೈಗೂ ಕೊಟ್ಟು ಹಿಸುಕಿಸಿ ಮೂಸಿಸಿದಳು. ಎಲ್ಲಿಯೋ ಪೊದೆಯ ಹಿಂದೆ ನವಿಲು ಕೂಗಿತು. ನಾವು ಅದನ್ನು ಹುಡುಕಿಕೊಂಡು ಹೋಗಲಿಲ್ಲ, ಹೋಗುವಷ್ಟರಲ್ಲಿ ಅದು ಮಾಗಡಿಯನ್ನು ಮುಟ್ಟಿರುತ್ತಿತ್ತು. ಡಾಂಬರಿನ ದಾರಿ ಮುಗಿದು ಮಣ್ಣಿನ ಹಾದಿ ಬಂದಲ್ಲಿ ಗಾಲಿಕುರ್ಚಿ ಹೂತುಕೊಂಡಿತು. ನಾಲ್ವರು ಸೇರಿ ಎತ್ತಿದೆವು. ಎತ್ತುವಾಗ ಅಂಚೆಯಣ್ಣನವರು ನಾಚಿಕೆಯಿಂದಲೋ ಸಂತೋಷದಿಂದಲೋ, “ಉತ್ಸವಮೂರ್ತಿಯನ್ನು ಇಳಿಸುವಾಗ ಜೋಪಾನ” ಎಂದರು.

ನನ್ನ ಪಕ್ಕದಲ್ಲಿ, ಎಲ್ಲರಿಗಿಂತ ಹಿಂದೆ, ತಾಯಿಯ ಕೈ ಹಿಡಿದು ಹನ್ನೆರಡು ವರ್ಷದ ಹುಡುಗನೊಬ್ಬ ಬರುತ್ತಿದ್ದನು. ಆತನಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಮರ ಸಿಕ್ಕಿದಲ್ಲೆಲ್ಲ ನಿಂತು ಎರಡು ಅಂಗೈಗಳನ್ನೂ ತೊಗಟೆಯ ಮೇಲಿಟ್ಟು, ಬೇವಿನದು ಒಡೆದದ್ದು, ನೀಲಗಿರಿಯದು ಸುಲಿದದ್ದು, ಹೊಂಗೆಯದು ನಯವಾದದ್ದು ಎಂದು ಬೇಗನೆ ಕಲಿತುಬಿಟ್ಟನು. ಒಂದು ಮಾವಿನ ಮರದ ಕೆಳಗೆ ಬಂದಾಗ ಅವನ ತಲೆ ತಗ್ಗಿನ ಕೊಂಬೆಗೆ ತಾಗಿತು. ತಾಯಿ ಅಯ್ಯೋ ಎನ್ನುವಷ್ಟರಲ್ಲಿ ಹುಡುಗನು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರುವಂತೆ ಸೂಚಿಸಿ, “ತಾತ, ಮಳೆ ಬರ್ತಾ ಇದೆಯಾ?” ಎಂದು ಕೇಳಿದನು. ಆಕಾಶವು ಶುಭ್ರವಾಗಿದ್ದಿತು. ಇಲ್ಲವಲ್ಲ ಮಗು ಎಂದೆನು. “ಬರ್ತಿದೆ. ಎಲೆ ಮೇಲೆ ಬೀಳ್ತಿದೆ, ಸಣ್ಣಗೆ.” ನಾನು ಕಿವಿಗೊಟ್ಟರೂ ನನಗೇನೂ ಕೇಳಲಿಲ್ಲ. ಮುಂದಿದ್ದ ತರುಣಿ ಹಿಂದಕ್ಕೆ ಬಂದು, ಕೊಂಬೆಯನ್ನು ನೋಡಿ, ಅವನ ಹೆಗಲನ್ನು ಹಿಡಿದು ಮೆಲ್ಲಗೆ ಒಂದು ಹೆಜ್ಜೆ ಹಿಂದಕ್ಕೆ ಸರಿಸಿದಳು.

ಅಲ್ಲಿ ಎಲೆಗಳನ್ನು ಒಂದಕ್ಕೊಂದು ಹೊಲಿದು ಮಾಡಿದ, ಸಣ್ಣ ತೆಂಗಿನಕಾಯಿಯಷ್ಟು ದೊಡ್ಡದಾದ ಕೆಂಜಿಗದ ಗೂಡು ತೂಗಾಡುತ್ತಿದ್ದಿತು. ಹುಡುಗನ ತಲೆ ತಾಗಿ ಕದಲಿದ್ದರಿಂದ ಇರುವೆಗಳೆಲ್ಲ ಹೊರಗೆ ಹರಿದು, ಒಣಗಿದ ಎಲೆಯ ಗೋಡೆಗಳನ್ನು ತಮ್ಮ ಮೈಯಿಂದ ಬಡಿದು ಒಳಗಿನವರಿಗೆ ಎಚ್ಚರಿಕೆ ಕೊಡುತ್ತಿದ್ದವು. ಸಹಸ್ರ ಇರುವೆಗಳ ಆ ತಟತಟ ಸದ್ದೇ ಅವನಿಗೆ ಮಳೆಯಾಗಿ ಕೇಳಿಸಿದ್ದು. ಈಗ ಎಲ್ಲರೂ ಉಸಿರು ಬಿಗಿಹಿಡಿದು ಕಿವಿಯನ್ನು ಹತ್ತಿರಕ್ಕೆ ತಂದರು. ನನಗೂ ಕೇಳಿಸಿತು, ಹಂಚಿನ ಮನೆಯ ಮೇಲೆ ಶ್ರಾವಣದ ಜಿನುಗು ಮಳೆ ದೂರದಿಂದ ಬರುತ್ತಿರುವ ಹಾಗೆ. ತರುಣಿ ಹುಡುಗನಿಗೆ ಗೂಡಿನ ಕೆಲಸವನ್ನು ವಿವರಿಸಿದಳು: ಒಂದು ಸಾಲು ಇರುವೆಗಳು ಎರಡು ಎಲೆಗಳ ಅಂಚುಗಳನ್ನು ಎಳೆದು ಹಿಡಿಯುತ್ತವೆ, ಇನ್ನು ಕೆಲವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿ ತಂದು, ಅವುಗಳ ಬಾಯಿಂದ ಹೊರಡುವ ರೇಷ್ಮೆಯ ಎಳೆಯನ್ನು ಈ ಅಂಚಿಗೂ ಆ ಅಂಚಿಗೂ ಲಾಳಿಯಂತೆ ಆಡಿಸಿ ಹೊಲಿಯುತ್ತವೆ. ನೆಲಕ್ಕೆ ಬಿದ್ದಿದ್ದ ಹಳೆಯ ಗೂಡೊಂದನ್ನು ಹುಡುಕಿ ತಂದು ಅವನ ಅಂಗೈಯಲ್ಲಿಟ್ಟಳು. ಹುಡುಗನು ಬೆರಳ ತುದಿಯಿಂದ ಆ ಬಿಳಿಯ ನೇಯ್ಗೆಯನ್ನು ತಡಕಿ, ಮೂಗಿಗೆ ಹಿಡಿದು, “ಹುಣಿಸೆಹಣ್ಣಿನ ಥರ” ಎಂದನು. ಆ ಮರದ ಕೆಳಗೆ ನಾವು ಮುಕ್ಕಾಲು ಗಂಟೆ ನಿಂತೆವೆಂದು ಆಮೇಲೆ ಗಡಿಯಾರದಿಂದ ತಿಳಿಯಿತು. ಸಾಲಿನ ಮೊದಲ ಹನ್ನೆರಡು ಜನರೂ ಆ ಗೂಡಿನ ಕೆಳಗೇ ತಲೆತಗ್ಗಿಸಿ ಹಾದುಹೋಗಿದ್ದರು, ಮುಂದಿದ್ದ ಸಸ್ಯಶಾಸ್ತ್ರದ ಸಮೇತ.

ಅಜ್ಜಿ ಮಾತ್ರ ಇರುವೆಗಳ ಹತ್ತಿರ ಬರಲಿಲ್ಲ. “ನಾನ್ ಕಾಣ್ದ ಕೆಂಜಿಗವಾ, ನೀವ್ ನೋಡಿ” ಎಂದು, ಚಪ್ಪಲಿ ಬಿಟ್ಟು, ಬಂಡೆಯ ಮೇಲೆ ಕುಳಿತು, ನನ್ನ ಕೈಯಿಂದ ಚೀಲವನ್ನು ಇಸಿದುಕೊಂಡು ಅವರೆಕಾಯಿ ಬಿಡಿಸತೊಡಗಿದಳು. ಬರುಬರುತ್ತ ಇಬ್ಬರು ಹೆಂಗಸರು ಆಕೆಯ ಬಳಿ ಕುಳಿತರು. ಆಮೇಲೆ ಗಾಲಿಕುರ್ಚಿಯನ್ನೂ ಅಲ್ಲಿಗೆ ತಳ್ಳಿಕೊಂಡು ಬಂದರು. ಅಂಚೆಯಣ್ಣನವರ ಮಡಿಲಿನಲ್ಲಿ ಒಂದು ಟವೆಲು ಹಾಸಿ, ಅವರಿಗೂ ಒಂದು ರಾಶಿ ಕಾಯಿಯನ್ನು ಸುರಿದರು. ಕಾಲು ನಡೆಯದವರ ಕೈ ಅಷ್ಟು ಚುರುಕಾಗಿ ಆಡುವುದನ್ನು ಕಂಡು ಅವರ ಮಗನೇ ಬೆರಗಾದನು. ಹನ್ನೊಂದು ಗಂಟೆಯ ಹೊತ್ತಿಗೆ ನಾವು ಎಲ್ಲ ಸೇರಿ ನಡೆದಿದ್ದ ದೂರ ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಬಿಡಿಸಿದ ಕಾಳು ಒಂದು ಸೇರಿಗೆ ಸ್ವಲ್ಪ ಹೆಚ್ಚು. ಕಟ್ಟಿಕೊಂಡು ಬಂದಿದ್ದ ಉಪ್ಪಿಟ್ಟನ್ನು ಅಲ್ಲಿಯೇ ಮುತ್ತುಗದ ಎಲೆಯ ಮೇಲೆ ಹಂಚಿ ತಿಂದೆವು.

ಅಷ್ಟರಲ್ಲಿ ಮೊದಲ ತಂಡದಿಂದ ಫೋನು ಬಂದಿತು. ಸೇತುವೆಯ ಬಳಿಯಿಂದ ಹತ್ತೊಂಬತ್ತು ಜನ ಹೊರಟಿದ್ದರು. ಮೊದಲಿನ ಆರು ಜನ ಆಗಲೇ ದೊಡ್ಡ ಆಲದ ಮರದ ನೆರಳನ್ನು ಮುಟ್ಟಿದ್ದರು. ಎಂಟು ಜನ ಕೆಂಗೇರಿಯಲ್ಲಿ ಇಡ್ಲಿ ತಿಂದ ಮೇಲೆ ಬಸ್ಸಿನ ವಿಚಾರದಲ್ಲಿ ಒಮ್ಮತಕ್ಕೆ ಬಂದಿದ್ದರು. ಮೂವರು ಕುಂಬಳಗೋಡಿನ ಹತ್ತಿರ ತಿರುವನ್ನು ತಪ್ಪಿ ಹೆದ್ದಾರಿಯಲ್ಲಿಯೇ ಬಿಡದಿಯ ಕಡೆಗೆ ಮುಂದುವರಿದು, ಈಗ ಆಟೋದಲ್ಲಿ ಹಿಂದಕ್ಕೆ ಬರುತ್ತಿದ್ದರು. ಉಳಿದಿಬ್ಬರ ಸುದ್ದಿಯೇ ಇರಲಿಲ್ಲ. ಆ ತಂಡದ ಕಡೆಯಾಳು ಎಲ್ಲಿ ಎಂದು ವಿಚಾರಿಸಲು, ಆತನು ಬೇಗ ನಡೆಯುವವನಾದುದರಿಂದ ಮೊದಲ ಆರು ಜನರ ಪೈಕಿ ಇದ್ದಾನೆಂದು ತಿಳಿಯಿತು.

ಆ ಆಲದ ಮರವನ್ನು ನಾನು ಹಿಂದೆ ಹಲವು ಬಾರಿ ಕಂಡಿದ್ದೇನೆ. ನಾಲ್ಕು ನೂರು ವರ್ಷದ್ದೆಂದು ಹೇಳುವರು. ಸುಮಾರು ಮೂರು ಎಕರೆಯಷ್ಟು ನೆಲವನ್ನು ಆಕ್ರಮಿಸಿಕೊಂಡು, ಬಿಳಲುಗಳೆಲ್ಲ ಬೇರಾಗಿ, ಬೇರುಗಳೆಲ್ಲ ಬೊಡ್ಡೆಗಳಾಗಿ, ಬೊಡ್ಡೆಗಳ ನಡುವೆ ಮುನೀಶ್ವರನ ಗುಡಿಯನ್ನೂ ಕೋತಿಗಳ ಸಂಸಾರವನ್ನೂ ಇಟ್ಟುಕೊಂಡು ನಿಂತಿದೆ. ಮೂಲದ ಕಾಂಡಕ್ಕೆ ರೋಗ ತಗುಲಿ ಅದು ಎಂದೋ ಸತ್ತುಹೋಯಿತು. ಮರ ಮಾತ್ರ ಬಿಳಲಿನಿಂದ ಬಿಳಲಿಗೆ ಹೆಜ್ಜೆಯಿಟ್ಟು ಪಕ್ಕಕ್ಕೆ ಸರಿಯುತ್ತಲೇ ಇದೆ. ನಾಲ್ಕು ಶತಮಾನಗಳಲ್ಲಿ ಅದು ನಡೆದ ದೂರವು ನಮ್ಮ ತಂಡ ಅಂದು ಬೆಳಗಿನಿಂದ ನಡೆದುದಕ್ಕಿಂತ ಬಹಳ ಕಡಿಮೆಯೆಂದು ನಾನು ಅಂಚೆಯಣ್ಣನವರಿಗೆ ಹೇಳಿದಾಗ, ಅವರು ಕೆಲವು ಕ್ಷಣ ಯೋಚಿಸಿ, ಹಾಗಾದರೆ ಗೆದ್ದವರು ನಾವೇ ಎಂದರು.

ಹಿಂದಿರುಗುವಾಗ ಬಿಸಿಲೇರಿದ್ದಿತು. ನಾಯಂಡಹಳ್ಳಿಯ ನಿಲ್ದಾಣದಲ್ಲಿ ಇಳಿದು ಒಬ್ಬೊಬ್ಬರನ್ನಾಗಿ ಎಣಿಸಿದೆನು, ಹದಿನಾಲ್ಕೂ ಸರಿಯಾಗಿದ್ದವು. ಹುಡುಗನು ಒಣಗಿದ ಗೂಡನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಅದರ ಮೇಲೆ ಅಂಗೈಯನ್ನು ಮುಚ್ಚಿ ಹಿಡಿದು ನಡೆದನು. ಕಡೆಗೆ ಉಳಿದವಳು ಅಜ್ಜಿ. ಆಕೆಯ ಮನೆ ಇರುವುದು ರಸ್ತೆಯ ಆಚೆಗೆ. ನಾವಿಬ್ಬರೂ ಅಂಚಿನಲ್ಲಿ ನಿಂತು ಲಾರಿಗಳ ಸಾಲು ತೆರವಾಗುವುದನ್ನು ನೋಡುತ್ತಿದ್ದೆವು. ಬರುವ ತಿಂಗಳು ದೊಡ್ಡ ಆಲದ ಮರದ ತನಕ ನಾನೂ ನಡೆದು ನೋಡಬೇಕೆಂದಿರುವೆನೆಂದು ಸಂಕೋಚದಿಂದಲೇ ಆಕೆಗೆ ಹೇಳಿದೆನು. ಅಜ್ಜಿ ನನ್ನ ಮಂಡಿಗಳ ಕಡೆಗೆ ಒಮ್ಮೆ ನೋಡಿದಳು.

“ನಡೀರಿ ಮೇಷ್ಟ್ರೇ, ಅದ್ಕೇನಂತೆ. ನಾನು ಬಸ್ನಾಗೆ ಮುಂದಾಗಿ ಹೋಗಿ ಮರದ್ ಬುಡ್ದಾಗೆ ಕುಂತಿರ್ತೀನಿ” ಎಂದಳು, ಕಾಳಿನ ಗಂಟನ್ನು ಸೆರಗಿಗೆ ಭದ್ರವಾಗಿ ಕಟ್ಟಿಕೊಳ್ಳುತ್ತ, “ನೀವ್ ಬರೋಗಂಟ ಅವರೆಕಾಯಿ ಬುಡಿಸ್ತಿರ್ತೀನಿ, ಬುಡಿ” ಎಂದಳು. ಲಾರಿಗಳ ಸಾಲು ಇನ್ನೂ ಮುಗಿದಿರಲಿಲ್ಲ. ಆಕೆ ನನ್ನ ಮುಂಗೈಯನ್ನು ಹಿಡಿದುಕೊಂಡಳು.